ಮುಖದ ಮೊಡವೆ, ಮನದ ಅಳುಕು

ಮೊಡವೆ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನಗೆಯ ವಿಷಯ. ‘ಪ್ರಾಯ ಬಂತು, ಅದಕ್ಕೇ’ ಎಂದು ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ಹದಿನಾರಕ್ಕೆ ಬಂದದ್ದು ಇಪ್ಪತ್ತಕ್ಕೆ ಹೋಗಿಬಿಟ್ಟರೆ ಆ ನಗೆಗೂ ಒಂದು ಅರ್ಥವಿದೆ. ಆದರೆ ಎಲ್ಲರಿಗೂ ಹಾಗಾಗುವುದಿಲ್ಲ. ಕೆಲವರಿಗೆ ಪದವಿ ಮುಗಿದರೂ, ಕೆಲಸಕ್ಕೆ ಸೇರಿದರೂ, ಮದುವೆಯಾಗಿ ಮಕ್ಕಳಾದರೂ ಮುಖದ ಮೇಲಿನ ಗಂಟುಗಳು ಆರುವುದೇ ಇಲ್ಲ. ತರಗತಿಯಲ್ಲಿ ಹಿಂದಿನ ಬೆಂಚು, ಗ್ರೂಪ್ ಫೋಟೊದಲ್ಲಿ ಕೊನೆಯ ಸಾಲು, ಮಾತನಾಡುವಾಗ ಕೆನ್ನೆಗೆ ಅಡ್ಡವಾಗಿ ಒಂದು ಕೈ. ಇಂಥ ಒಬ್ಬರಾದರೂ ನಿಮ್ಮ ಕಾಲೇಜಿನಲ್ಲಿ ಇದ್ದೇ ಇರುತ್ತಾರೆ. ಆ ಒಬ್ಬರು ನೀವೇ ಆಗಿರಲೂಬಹುದು.

ಚರ್ಮದ ವೈದ್ಯರನ್ನು ಕರೆಸಿ ಮಾತುಕತೆ ನಡೆಸಿದಾಗಲೆಲ್ಲ ಮೊಡವೆಯ ಪ್ರಶ್ನೆ ಬಾರದೆ ಇರುವುದಿಲ್ಲ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಹೇಳಿ ಮುಗಿಸಲಾಗದ ಕೆಲವು ಸಂಗತಿಗಳನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊಡವೆ ಹೇಗೆ ಹುಟ್ಟುತ್ತದೆ?

ಅಂಗೈ, ಅಂಗಾಲುಗಳನ್ನು ಬಿಟ್ಟರೆ ನಮ್ಮ ಮೈಯ ಚರ್ಮದಲ್ಲೆಲ್ಲ ಎಣ್ಣೆ ಗ್ರಂಥಿಗಳಿವೆ. ಮುಖ, ಎದೆ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಅವು ದಟ್ಟವಾಗಿವೆ. ಪ್ರತಿ ಗ್ರಂಥಿಯೂ ಕೂದಲಿನ ಬುಡದ ಸಣ್ಣ ಕೊಳವೆಗೆ ತೆರೆದುಕೊಳ್ಳುತ್ತದೆ. ಚರ್ಮ ಒಣಗದಂತೆ ಕಾಪಾಡುವ ಜಿಡ್ಡು ಬರುವುದು ಈ ದಾರಿಯಿಂದಲೇ. ಹರೆಯದಲ್ಲಿ ಆಂಡ್ರೊಜೆನ್ ಎಂಬ ಹಾರ್ಮೋನುಗಳು ಹೆಚ್ಚಿದಾಗ ಗ್ರಂಥಿಗಳು ದೊಡ್ಡವಾಗಿ ಜಿಡ್ಡೂ ಹೆಚ್ಚುತ್ತದೆ. ಆಂಡ್ರೊಜೆನ್ ಗಂಡಸರ ಹಾರ್ಮೋನೆಂದು ಹೆಸರಾದರೂ ಹೆಂಗಸರ ದೇಹದಲ್ಲೂ ಅದು ಸ್ವಲ್ಪ ಪ್ರಮಾಣದಲ್ಲಿ ಇರುತ್ತದೆ.

ಅದೇ ಹೊತ್ತಿಗೆ ಕೊಳವೆಯ ಒಳಗೋಡೆಯಿಂದ ಉದುರುವ ಸತ್ತ ಜೀವಕೋಶಗಳು ಜಿಡ್ಡಿನೊಡನೆ ಅಂಟಿಕೊಂಡು ಬಿರಡೆಯಂತೆ ಬಾಯಿ ಕಟ್ಟುತ್ತವೆ. ಬಾಯಿ ಮುಚ್ಚಿದ್ದರೆ ಅದು ಬಿಳಿ ತಲೆಯ ಸಣ್ಣ ಗುಳ್ಳೆ, ತೆರೆದಿದ್ದರೆ ಕಪ್ಪು ತಲೆಯದು. ಆ ಕಪ್ಪು ಕೊಳೆಯಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮತ್ತು ಗಾಳಿಗೆ ತೆರೆದುಕೊಂಡ ಜಿಡ್ಡು ಸೇರಿ ಆದ ಬಣ್ಣ ಅದು. ಹೀಗೆ ಮುಚ್ಚಿದ ಕೊಳವೆಯೊಳಗೆ, ಎಲ್ಲರ ಚರ್ಮದಲ್ಲೂ ವಾಸಿಸುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ಅದರ ವಿರುದ್ಧ ಎದ್ದು ನಿಂತಾಗ ಕೆಂಪು, ಊತ, ನೋವು, ಕೀವು ಕಾಣಿಸಿಕೊಳ್ಳುತ್ತವೆ. ಉರಿಯೂತ ಆಳಕ್ಕಿಳಿದು ಕೊಳವೆ ಒಡೆದರೆ ಕೈಗೆ ಸಿಗುವಂಥ ಗಟ್ಟಿ ಗಂಟುಗಳಾಗುತ್ತವೆ. ಇದೇ ತೀವ್ರ ಮೊಡವೆ. ಗುಳಿ ಬಿದ್ದ ಕಲೆಗಳನ್ನು ಬಿಟ್ಟು ಹೋಗುವುದು ಹೆಚ್ಚಾಗಿ ಈ ಬಗೆಯದೇ.

ಇಪ್ಪತ್ತೈದು ದಾಟಿದ ಮೇಲೂ ಏಕೆ?

ಇಪ್ಪತ್ತೈದು ವರ್ಷದ ನಂತರವೂ ಉಳಿಯುವ ಅಥವಾ ಆಗ ಹೊಸದಾಗಿ ಬರುವ ಮೊಡವೆಯನ್ನು ವೈದ್ಯರು ವಯಸ್ಕರ ಮೊಡವೆ ಎನ್ನುತ್ತಾರೆ. ಇದು ಅಪರೂಪವಲ್ಲ. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಇಪ್ಪತ್ತರಿಂದ ಇಪ್ಪತ್ತೊಂಬತ್ತರ ಪ್ರಾಯದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ, ಮೂವತ್ತರ ಹರೆಯದವರಲ್ಲಿ ಶೇ. 35ರಷ್ಟು ಮಂದಿ ತಮಗೆ ಮೊಡವೆ ಇದೆ ಎಂದಿದ್ದರು. ಪುರುಷರ ಪ್ರಮಾಣ ಎರಡೂ ಗುಂಪಿನಲ್ಲಿ ಅದಕ್ಕಿಂತ ಕಡಿಮೆ ಇತ್ತು.

ವಂಶದ ಗುಣ ಇದರಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ಹೆಣ್ಣುಮಕ್ಕಳಲ್ಲಿ ಮೊಡವೆಯ ಜೊತೆಗೆ ಮುಟ್ಟು ಏರುಪೇರಾಗಿ, ಗಲ್ಲ ಮತ್ತು ಮೇಲ್ತುಟಿಯ ಮೇಲೆ ಕೂದಲು ಹೆಚ್ಚುತ್ತಿದ್ದರೆ ಜನ ಸಾಮಾನ್ಯವಾಗಿ ಪಿಸಿಒಡಿ ಎಂದು ಕರೆಯುವ ಅಂಡಾಶಯದ ತೊಂದರೆ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಮೈಕಟ್ಟಿಗಾಗಿ ಜಿಮ್ಮಿನಲ್ಲಿ ಯಾರೋ ಕೊಡುವ ಅನಬಾಲಿಕ್ ಸ್ಟೀರಾಯ್ಡ್ ಹುಡುಗರ ಬೆನ್ನು, ಎದೆಗಳ ಮೇಲೆ ಭೀಕರ ಮೊಡವೆ ಎಬ್ಬಿಸಬಲ್ಲದು. ಹಣೆಗೆ ಇಳಿಯುವಷ್ಟು ತಲೆಗೆ ಎಣ್ಣೆ ಹಚ್ಚುವುದು, ಹೆಲ್ಮೆಟ್ಟಿನ ಪಟ್ಟಿ ಗಲ್ಲಕ್ಕೆ ಉಜ್ಜುವುದು ಕೂಡ ಇದ್ದದ್ದನ್ನು ಹೆಚ್ಚಿಸುತ್ತವೆ.

ಉಷ್ಣವೇ? ಕೊಳೆಯೇ? ತಿಂಡಿಯೇ?

‘ಮೈ ಉಷ್ಣ, ಅದಕ್ಕೇ ಗುಳ್ಳೆ’ ಎಂಬ ಮಾತು ನಮ್ಮ ಮನೆಗಳಲ್ಲಿ ತೀರ ಸಾಮಾನ್ಯ. ಎಳನೀರು, ಮಜ್ಜಿಗೆ ಕುಡಿದರೆ ನಷ್ಟವಿಲ್ಲ, ಆದರೆ ಮೇಲೆ ಹೇಳಿದ ಕೊಳವೆಯ ಬಿರಡೆ ಅದರಿಂದ ಕರಗುವುದಿಲ್ಲ. ಕೊಳೆಯಿಂದ ಮೊಡವೆ ಎಂಬುದೂ ತಪ್ಪು. ದಿನಕ್ಕೆ ಎಂಟು ಬಾರಿ ಸೋಪು ಹಾಕಿ ಉಜ್ಜಿದರೆ ಚರ್ಮ ಕೆರಳುತ್ತದೆಯೇ ಹೊರತು ಮೊಡವೆ ಹೋಗದು. ದಿನಕ್ಕೆ ಎರಡು ಬಾರಿ, ಮೃದುವಾದ ಸೋಪಿನಿಂದ ತೊಳೆದರೆ ಸಾಕು. ನಿಂಬೆರಸ, ಟೂತ್‌ಪೇಸ್ಟ್, ಅಡಿಗೆ ಸೋಡಾಗಳನ್ನು ಮುಖದಿಂದ ದೂರ ಇಡಿ.

ಆಹಾರದ ಪ್ರಶ್ನೆಗೆ ಉತ್ತರ ಅಷ್ಟು ಸರಳವಲ್ಲ. 1969ರಲ್ಲಿ ಅಮೆರಿಕದಲ್ಲಿ 65 ಮಂದಿಗೆ ಚಾಕೊಲೇಟ್ ತಿನ್ನಿಸಿ ನೋಡಿ, ಅದಕ್ಕೂ ಮೊಡವೆಗೂ ಸಂಬಂಧವಿಲ್ಲ ಎಂದು ಸಾರಲಾಯಿತು. ಆ ಪ್ರಯೋಗದಲ್ಲಿ ಹೋಲಿಕೆಗಾಗಿ ಕೊಟ್ಟ ತಿನಿಸಿನಲ್ಲೂ ಸಕ್ಕರೆ, ಕೊಬ್ಬು ಹೇರಳವಾಗಿದ್ದವು ಎಂಬ ಆಕ್ಷೇಪ ಆಮೇಲೆ ಬಂತು. 2007ರಲ್ಲಿ ಆಸ್ಟ್ರೇಲಿಯಾದಲ್ಲಿ 15ರಿಂದ 25 ವಯಸ್ಸಿನ 43 ಮಂದಿ ಯುವಕರ ಮೇಲೆ 12 ವಾರ ನಡೆದ ಅಧ್ಯಯನದಲ್ಲಿ, ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಆಹಾರ ತಿಂದವರ ಮೊಡವೆ ಹೆಚ್ಚು ತಗ್ಗಿತು. ಆದ್ದರಿಂದ ಬೇಕರಿ ತಿಂಡಿ, ಸಿಹಿ ಪಾನೀಯಗಳನ್ನು ಕಡಿಮೆ ಮಾಡುವುದು ಒಳ್ಳೆಯದೇ. ಆದರೆ ಊಟದ ಪಥ್ಯವೊಂದರಿಂದಲೇ ತೀವ್ರ ಮೊಡವೆ ವಾಸಿಯಾಗುತ್ತದೆಂದು ಕಾಯುತ್ತ ಕೂರಬೇಡಿ.

ಟ್ಯೂಬಿನೊಳಗಿನ ಅಪಾಯ

ನಮ್ಮ ದೇಶದ ಮಟ್ಟಿಗೆ ಇದು ಬಹು ಮುಖ್ಯವಾದ ಮಾತು. ಔಷಧ ಅಂಗಡಿಯವರೋ, ಬ್ಯೂಟಿ ಪಾರ್ಲರಿನವರೋ, ಗೆಳತಿಯೋ ಹೇಳಿದ ಒಂದು ಟ್ಯೂಬನ್ನು ತಂದು ಹಚ್ಚುತ್ತೀರಿ. ವಾರದಲ್ಲೇ ಕೆಂಪು ಇಳಿದು ಮುಖ ಬೆಳ್ಳಗಾದಂತೆ ಕಾಣುತ್ತದೆ. ನಿಲ್ಲಿಸಿದ ಕೂಡಲೇ ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ಮತ್ತೆ ಹಚ್ಚುತ್ತೀರಿ. ಆ ಟ್ಯೂಬಿನಲ್ಲಿ ಬೀಟಾಮೆಥಾಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಮುಂತಾದ ಸ್ಟೀರಾಯ್ಡ್ ಇರುವ ಸಂಭವವಿದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಬಿಸಿಲಿಗೆ ಮುಖ ಉರಿಯತೊಡಗುತ್ತದೆ. ಮೊಡವೆಯೂ ಹೆಚ್ಚುತ್ತದೆ.

2011ರಲ್ಲಿ ಪ್ರಕಟವಾದ, ಭಾರತದ 12 ಕೇಂದ್ರಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ ಮುಖದ ಚರ್ಮದ ತೊಂದರೆಯೆಂದು ಬಂದ 2,926 ರೋಗಿಗಳ ಪೈಕಿ 433 ಮಂದಿ ಇಂಥ ಮುಲಾಮು ಹಚ್ಚುತ್ತಿದ್ದುದು ಕಂಡುಬಂತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದನ್ನು ಸೂಚಿಸಿದವರು ವೈದ್ಯರಾಗಿರಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ಕೊಳ್ಳುವವರ ಎಚ್ಚರವೇ ಕೊನೆಯ ಕಾವಲು. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಈಗಾಗಲೇ ಬಹಳ ಕಾಲದಿಂದ ಹಚ್ಚುತ್ತಿದ್ದರೆ ಆ ಟ್ಯೂಬನ್ನೇ ಕೈಯಲ್ಲಿ ಹಿಡಿದು ಚರ್ಮವೈದ್ಯರ ಬಳಿ ಹೋಗಿ. ಬಿಡಿಸುವ ಕ್ರಮವನ್ನು ಅವರು ಹೇಳುತ್ತಾರೆ.

ಚಿಕಿತ್ಸೆ ಇದೆ, ತಾಳ್ಮೆ ಬೇಕು

ಸಾಧಾರಣ ಮೊಡವೆಗೆ ಬೆನ್ಜಾಯಿಲ್ ಪೆರಾಕ್ಸೈಡ್ ಮತ್ತು ಅಡಾಪಲೀನ್‌ನಂಥ ರೆಟಿನಾಯ್ಡ್ ಮುಲಾಮುಗಳು ಮೊದಲ ಮೆಟ್ಟಿಲು. ಮೊದಲನೆಯದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಎರಡನೆಯದು ಕೊಳವೆಯ ಬಾಯಿ ಕಟ್ಟದಂತೆ ನೋಡಿಕೊಳ್ಳುತ್ತದೆ. ಬೆನ್ಜಾಯಿಲ್ ಪೆರಾಕ್ಸೈಡ್ ತಗಲಿದರೆ ಟವೆಲು, ದಿಂಬಿನ ಬಟ್ಟೆಗಳ ಬಣ್ಣ ಹೋಗುತ್ತದೆ, ಗಾಬರಿ ಬೇಡ. ಉರಿಯೂತ ಹೆಚ್ಚಿದ್ದರೆ ಕೆಲವು ತಿಂಗಳ ಮಟ್ಟಿಗೆ ಪ್ರತಿಜೀವಕ ಮಾತ್ರೆಯನ್ನೂ ಕೊಡುತ್ತಾರೆ. ಹೆಣ್ಣುಮಕ್ಕಳಿಗೆ ಹಾರ್ಮೋನಿನ ಚಿಕಿತ್ಸೆಯೂ ಉಂಟು.

ಗಂಟು ಕಟ್ಟುವ, ಕಲೆ ಬೀಳಿಸುವ ತೀವ್ರ ಮೊಡವೆಗೆ ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ಇದೆ. ಅಮೆರಿಕದಲ್ಲಿ 1982ರಲ್ಲಿ ಅನುಮತಿ ಪಡೆದ ಈ ಔಷಧ ಎಣ್ಣೆ ಗ್ರಂಥಿಗಳನ್ನೇ ಕುಗ್ಗಿಸುತ್ತದೆ. ವರ್ಷಗಳಿಂದ ಬೇಸತ್ತವರಿಗೂ ಇದರಿಂದ ಗುಣವಾದದ್ದುಂಟು. ಆದರೆ ಇದು ಆಟದ ಮದ್ದಲ್ಲ. ಗರ್ಭದಲ್ಲಿರುವ ಶಿಶುವಿಗೆ ಇದರಿಂದ ಗಂಭೀರ ಅಂಗವೈಕಲ್ಯ ಉಂಟಾಗುತ್ತದೆ. ತುಟಿ ಒಣಗುತ್ತದೆ, ರಕ್ತದ ಕೊಬ್ಬು, ಯಕೃತ್ತಿನ ಪರೀಕ್ಷೆ ಬೇಕಾಗುತ್ತದೆ, ಮನಸ್ಸಿನ ಸ್ಥಿತಿಯ ಮೇಲೂ ಕಣ್ಣಿಡಬೇಕಾಗುತ್ತದೆ. ವೈದ್ಯರ ನೇರ ಮೇಲ್ವಿಚಾರಣೆ ಇಲ್ಲದೆ ಮುಟ್ಟಲೇಬಾರದು.

ಯಾವ ಚಿಕಿತ್ಸೆಯಾದರೂ ಫಲ ಕಾಣಲು ಆರೆಂಟು ವಾರ ಬೇಕು, ಪೂರ್ಣ ಅಂದಾಜಿಗೆ ಸುಮಾರು ಮೂರು ತಿಂಗಳು. ಕಾರಣ ಸ್ಪಷ್ಟ. ಇಂದು ನಿಮಗೆ ಕಾಣುವ ಗುಳ್ಳೆ ಚರ್ಮದೊಳಗೆ ಹುಟ್ಟಿ ಆಗಲೇ ವಾರಗಳು ಕಳೆದಿವೆ. ಹತ್ತು ದಿನ ಹಚ್ಚಿ ‘ಇದೂ ಪ್ರಯೋಜನವಿಲ್ಲ’ ಎಂದು ಬಿಸಾಡುವವರೇ ಹೆಚ್ಚು. ಇನ್ನೊಂದು ಮಾತು: ಮೊಡವೆ ಮಾಗಿದ ಮೇಲೆ ಕಂದು ಚರ್ಮದಲ್ಲಿ ಉಳಿಯುವ ಕಪ್ಪು ಗುರುತು ಬೇರೆ, ಗುಳಿ ಬಿದ್ದ ಕಲೆ ಬೇರೆ. ಬಿಸಿಲಿನಿಂದ ಕಾಪಾಡಿಕೊಂಡರೆ ಕಪ್ಪು ಗುರುತು ತಿಂಗಳುಗಳಲ್ಲಿ ತಾನಾಗಿ ಮಾಸುತ್ತದೆ. ಗುಳಿ ಹಾಗಲ್ಲ, ಅದಕ್ಕೇ ತೀವ್ರ ಮೊಡವೆಗೆ ಬೇಗ ಚಿಕಿತ್ಸೆ ಬೇಕು, ಚಿವುಟುವುದು ಬೇಡ. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿರುತ್ತದೆ; ದುಬಾರಿ ಕ್ಲಿನಿಕ್ಕೇ ಆಗಬೇಕೆಂದಿಲ್ಲ.

ಮನಸ್ಸಿನ ಮೇಲೆ ಬೀಳುವ ಭಾರ

‘ಮೊಡವೆಗೆ ಇಷ್ಟು ಚಿಂತೆಯೇ?’ ಎಂದು ಕೇಳುವವರಿಗೆ ಒಂದು ಉತ್ತರವಿದೆ. 1999ರಲ್ಲಿ ಬ್ರಿಟನ್ನಿನ ವೈದ್ಯರು ಮೊಡವೆಯ ರೋಗಿಗಳ ಮನಸ್ಥಿತಿಯನ್ನು ಇತರ ಕಾಯಿಲೆಯವರೊಂದಿಗೆ ಹೋಲಿಸಿದರು. ಸಾಮಾಜಿಕವಾಗಿ, ಮಾನಸಿಕವಾಗಿ ಇವರು ಅನುಭವಿಸುತ್ತಿದ್ದ ತೊಂದರೆ ಆಸ್ತಮಾ, ಅಪಸ್ಮಾರ, ಮಧುಮೇಹ, ಸಂಧಿವಾತದ ರೋಗಿಗಳಷ್ಟೇ ಇತ್ತು. ಅಂದರೆ ನಿಮ್ಮ ನೋವು ಷೋಕಿಯಲ್ಲ, ದೌರ್ಬಲ್ಯವೂ ಅಲ್ಲ.

ಆದರೆ ಆ ನೋವಿಗೆ ನಾವೇ ಸೇರಿಸಿಕೊಳ್ಳುವ ಒಂದು ಪಾಲೂ ಇದೆ. 1980ರಲ್ಲಿ ಅಮೆರಿಕದ ಕ್ಲೆಕ್ ಮತ್ತು ಸ್ಟ್ರೆಂಟಾ ಎಂಬ ಮನೋವಿಜ್ಞಾನಿಗಳು ಒಂದು ಜಾಣ ಪ್ರಯೋಗ ಮಾಡಿದರು. ಕೆಲವರ ಮುಖದ ಮೇಲೆ ಮೇಕಪ್ಪಿನಿಂದ ಗಾಯದ ಕಲೆ ಬರೆದು, ಕನ್ನಡಿಯಲ್ಲಿ ತೋರಿಸಿದರು. ಆಮೇಲೆ ‘ಬಣ್ಣ ಬಿರಿಯದಿರಲಿ’ ಎಂಬ ನೆಪದಲ್ಲಿ ಏನೋ ಸವರಿ, ಅವರಿಗೆ ತಿಳಿಯದಂತೆ ಆ ಕಲೆಯನ್ನು ಅಳಿಸಿಬಿಟ್ಟರು. ಬಳಿಕ ಅವರನ್ನು ಅಪರಿಚಿತರೊಡನೆ ಮಾತಿಗೆ ಕೂರಿಸಿದರು. ಮುಖದ ಮೇಲೆ ಏನೂ ಇರಲಿಲ್ಲ. ಆದರೂ ‘ಎದುರಿಗಿದ್ದವರ ವರ್ತನೆಯ ಮೇಲೆ ನನ್ನ ಕಲೆಯ ಪರಿಣಾಮ ಚೆನ್ನಾಗಿ ಕಂಡಿತು’ ಎಂಬರ್ಥದ ಉತ್ತರವನ್ನೇ ಅವರು ಕೊಟ್ಟರು. ಜನ ನಮ್ಮ ಮುಖವನ್ನು ನೋಡುವುದಿಲ್ಲ ಎಂದು ಇದರ ಅರ್ಥವಲ್ಲ. ತೀವ್ರ ಮೊಡವೆ ಕಣ್ಣಿಗೆ ಬೀಳುತ್ತದೆ, ಕೆಲವರು ಆಡಿಕೊಳ್ಳುವುದೂ ನಿಜ. ಆದರೆ ಎದುರಿನವರ ಪ್ರತಿ ನೋಟದಲ್ಲೂ, ಪ್ರತಿ ಮೌನದಲ್ಲೂ ಮೊಡವೆಯನ್ನೇ ಕಾಣುವುದು ನಮ್ಮ ಮನಸ್ಸಿನ ಕೆಲಸ.

ಸ್ಟುಡಿಯೊದಲ್ಲಿ ದಿನವೂ ನೋಡುವ ಒಂದು ಸಂಗತಿ ಹೇಳುತ್ತೇನೆ. ದೀಪವನ್ನು ಪಕ್ಕದಿಂದ ಅಥವಾ ನೆತ್ತಿಯ ಮೇಲಿನಿಂದ ಬಿಟ್ಟರೆ ಚರ್ಮದ ಪ್ರತಿ ಉಬ್ಬಿಗೂ ನೆರಳು ಬಿದ್ದು ಎರಡರಷ್ಟಾಗಿ ಕಾಣುತ್ತದೆ. ಅದೇ ಮುಖಕ್ಕೆ ಎದುರಿನಿಂದ ಹರಡಿದ ಬೆಳಕು ಕೊಟ್ಟರೆ ಅರ್ಧ ಉಬ್ಬುಗಳು ಮಾಯ. ತೆರೆಯ ಮೇಲೆ ನೀವು ಕಾಣುವ ನಯವಾದ ಮುಖ ಬಣ್ಣ, ಬೆಳಕು, ಕ್ಯಾಮೆರಾಗಳ ಕೂಡುಫಲ. ಮೊಬೈಲ್ ಫೋನಿನ ಚಿತ್ರಗಳಲ್ಲಿ ಈಗ ಈ ಕೆಲಸವನ್ನು ಫಿಲ್ಟರುಗಳು ಮಾಡುತ್ತವೆ. ಬಚ್ಚಲುಮನೆಯ ಟ್ಯೂಬ್‌ಲೈಟಿನ ಕೆಳಗೆ, ಕನ್ನಡಿಗೆ ಮೂಗು ತಾಗಿಸಿ ನೋಡುವ ನಿಮ್ಮ ಮುಖವನ್ನು ಆ ಮುಖಗಳಿಗೆ ಹೋಲಿಸುವುದು ನ್ಯಾಯವೇ? ದಿನಕ್ಕೆ ಎರಡೇ ಬಾರಿ, ಮಾತನಾಡುವಷ್ಟು ದೂರದಿಂದ ಕನ್ನಡಿ ನೋಡುವ ನಿಯಮ ಇಟ್ಟುಕೊಳ್ಳಿ.

ಮೊಡವೆ ಹೋದ ಮೇಲೆ ಭಾಷಣ ಮಾಡುತ್ತೇನೆ, ಸಂದರ್ಶನಕ್ಕೆ ಹೋಗುತ್ತೇನೆ ಎಂದು ಬದುಕನ್ನು ಮುಂದೂಡಬೇಡಿ. ಚಿಕಿತ್ಸೆ ಅದರ ಪಾಡಿಗೆ ನಡೆಯಲಿ, ನಿಮ್ಮ ಕೆಲಸ ನಿಮ್ಮ ಪಾಡಿಗೆ. ಯಾರಾದರೂ ಕೇಳಿದರೆ ‘ಹೌದು, ಡಾಕ್ಟರಿಗೆ ತೋರಿಸ್ತಿದ್ದೀನಿ’ ಎಂಬ ಒಂದೇ ಸಾಲಿನ ಉತ್ತರ ಸಿದ್ಧವಿರಲಿ. ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ತರಗತಿಗೆ ಹೋಗುವುದೇ ಬೇಡವೆನ್ನಿಸಿದರೆ, ನಿದ್ರೆ ಊಟ ಕೆಟ್ಟರೆ, ಬದುಕೇ ಬೇಡವೆಂಬ ಯೋಚನೆ ಸುಳಿದರೆ ಅದನ್ನು ಒಳಗಿಟ್ಟುಕೊಳ್ಳಬೇಡಿ. ನಿಮ್ಮ ಚರ್ಮವೈದ್ಯರಿಗೆ ಹೇಳಿ; ಮನೆಯಲ್ಲಿ ಒಬ್ಬರಿಗೆ ಹೇಳಿ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪಕ್ಕದಲ್ಲಿ ಕೂರುವವರಿಗೆ

ನಿಮಗೆ ಮೊಡವೆ ಇಲ್ಲದಿದ್ದರೆ ನಿಮ್ಮ ಮೇಲೂ ಒಂದು ಹೊಣೆಯಿದೆ. ಸ್ನೇಹಿತರ ಮುಖದ ಬಗ್ಗೆ ಅಡ್ಡಹೆಸರು ಬೇಡ. ಕೇಳದೆ ಮನೆಮದ್ದು ಹೇಳುವುದೂ ಬೇಡ. ಆ ಮದ್ದನ್ನು ಅವರು ಈಗಾಗಲೇ ಹತ್ತು ಜನರಿಂದ ಕೇಳಿರುತ್ತಾರೆ. ಮದುವೆಮನೆಯಲ್ಲಿ ದೊಡ್ಡಮ್ಮ, ಅತ್ತೆಯರು ‘ಮುಖಕ್ಕೇನಾಯ್ತೇ?’ ಎಂದು ಎಲ್ಲರೆದುರು ಕೇಳಿದಾಗ ಮಾತು ಬದಲಿಸಿದರೆ ಅದೇ ದೊಡ್ಡ ಉಪಕಾರ. ಚರ್ಮದ ವೈದ್ಯರ ಬಳಿ ಹೋಗಲು ಅಳುಕುತ್ತಿದ್ದರೆ ‘ನಾನೂ ಬರ್ತೀನಿ, ನಡಿ’ ಎನ್ನಿ. ಆಸ್ಪತ್ರೆಯ ಸಾಲಿನಲ್ಲಿ ಜೊತೆಗೊಬ್ಬರು ನಿಂತರೆ ಕಾಯುವುದು ಅಷ್ಟು ಕಷ್ಟವೆನ್ನಿಸುವುದಿಲ್ಲ.