ತೋಳಿಗೆ ತಕ್ಕ ತೂಕ
(ಡಿಸ್ಕ್ ಗಾಲ್ಫ್ ಆಟದ ಹಗುರ ತಟ್ಟೆಗಳನ್ನು ಕುರಿತು)

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳನ್ನು ಕಾಣಲು ಹೋದ ಹಿರಿಯರು, ಅಲ್ಲಿಯ ಉದ್ಯಾನಗಳಲ್ಲಿ ಸಂಜೆಯ ತಿರುಗಾಟಕ್ಕೆ ಹೊರಟಾಗ ಒಂದು ವಿಚಿತ್ರ ದೃಶ್ಯವನ್ನು ಕಾಣುವುದುಂಟು. ಮರಗಳ ನಡುವೆ ಅಲ್ಲಲ್ಲಿ ಕಂಬಗಳು. ಅವುಗಳ ಮೇಲ್ತುದಿಯಿಂದ ಇಳಿಬಿದ್ದ ಸರಪಳಿಗಳು. ಕೆಳಗೊಂದು ಕಬ್ಬಿಣದ ಬುಟ್ಟಿ. ಮಕ್ಕಳು, ಯುವಕರು, ವೃದ್ಧರು ಬಣ್ಣಬಣ್ಣದ ಪ್ಲಾಸ್ಟಿಕ್ ತಟ್ಟೆಗಳನ್ನು ಆ ಬುಟ್ಟಿಯತ್ತ ಎಸೆಯುತ್ತ, ಎಸೆದದ್ದನ್ನು ಹಿಂಬಾಲಿಸಿ ನಡೆಯುತ್ತ ಹೋಗುತ್ತಾರೆ. ಇದೇ ಡಿಸ್ಕ್ ಗಾಲ್ಫ್. ಕಡಿಮೆ ಎಸೆತಗಳಲ್ಲಿ ತಟ್ಟೆಯನ್ನು ಬುಟ್ಟಿಗೆ ಸೇರಿಸಿದವರು ಗೆದ್ದಂತೆ.

ಈ ಆಟದ ಪಿತಾಮಹರೆಂದು ಹೆಸರಾದವರು ಎಡ್ ಹೆಡ್ರಿಕ್. ಅವರ ಪ್ರಯತ್ನದಿಂದ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಶಾಶ್ವತ ಆಟದ ಬಯಲು ಸಿದ್ಧವಾಯಿತು. ಆಗ ಬರಿಯ ಕಂಬಗಳೇ ಗುರಿ. ಸರಪಳಿ ಮತ್ತು ಬುಟ್ಟಿಯ ಏರ್ಪಾಡನ್ನು ಅವರು ಅನಂತರ ರೂಪಿಸಿದರು. 1983ರ ಸುಮಾರಿಗೆ ಡೇವ್ ಡುನಿಪೇಸ್ ಅಂಚನ್ನು ಓರೆಯಾಗಿ ತೆಳುಗೊಳಿಸಿದ ತಟ್ಟೆಯನ್ನು ತಂದರು. ಗಾಳಿಯನ್ನು ಸೀಳಿಕೊಂಡು ಸಾಗುವ ಈ ಬಗೆಯ ತಟ್ಟೆಯಿಂದಲೇ ‘ಡ್ರೈವರ್’ ಬೆಳೆದು ಬಂದಿತು. ಡ್ರೈವರ್ ಎಂದರೆ ಇಲ್ಲಿ ವಾಹನ ಚಾಲಕನಲ್ಲ. ಮೊದಲ ದೀರ್ಘ ಎಸೆತಕ್ಕೆ ಬಳಸುವ ತಟ್ಟೆ.

ತೂಕದ ಮೋಹ

ಆಟದ ನಿಯಮದಂತೆ, ತಟ್ಟೆಯ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂಗಿಂತ ಹೆಚ್ಚು ತೂಕ ಇರಕೂಡದು. ಡ್ರೈವರುಗಳ ವ್ಯಾಸ ಸಾಮಾನ್ಯವಾಗಿ 21 ಸೆಂಟಿಮೀಟರಿಗಿಂತ ತುಸು ಹೆಚ್ಚು. ಆದ್ದರಿಂದ ಅವುಗಳ ಗರಿಷ್ಠ ತೂಕ ಸುಮಾರು 175 ಗ್ರಾಂ. ನುರಿತ ಆಟಗಾರರಲ್ಲಿ ಅನೇಕರು ಈ ಮಿತಿಗೆ ಹತ್ತಿರದ ತಟ್ಟೆಗಳನ್ನೇ ಹಿಡಿಯುವುದರಿಂದ, ಭಾರವಾದದ್ದೇ ಉತ್ತಮವೆಂಬ ಭಾವನೆ ಹೊಸಬರಲ್ಲಿಯೂ ಹುಟ್ಟುತ್ತದೆ. ಅರುವತ್ತು ದಾಟಿದವರಾಗಲಿ, ಹತ್ತು ವರ್ಷದ ಬಾಲಕಿಯಾಗಲಿ ಅದೇ ತಟ್ಟೆಯನ್ನು ಬಲವಂತವಾಗಿ ಬೀಸಿದರೆ ಆಗುವುದೇನು? ತಟ್ಟೆ ಅಲ್ಪ ದೂರ ಸಾಗಿ ಪಕ್ಕಕ್ಕೆ ವಾಲಿ ಬೀಳುತ್ತದೆ. ಭುಜಕ್ಕೆ ನೋವು ಉಳಿಯುತ್ತದೆ.

ಹಗುರ ಮಾಡುವ ಬಗೆ

ಹಾಗಾದರೆ ಹಗುರವಾದ ತಟ್ಟೆಯನ್ನು ಮಾಡುವುದು ಸುಲಭವಲ್ಲವೆ ಎಂದು ಯಾರಿಗಾದರೂ ಅನ್ನಿಸಬಹುದು. ತೊಡಕು ಇರುವುದು ಇಲ್ಲಿಯೇ. ತಟ್ಟೆಯ ಹಾರಾಟವನ್ನು ನಿರ್ಧರಿಸುವುದು ಅದರ ಆಕಾರ. ಆಕಾರ ಬದಲಾಗಬಾರದೆಂದರೆ ಅಚ್ಚು ಬದಲಾಗಬಾರದು. ಅಚ್ಚು ಅದೇ ಆದರೆ ಅದರೊಳಗೆ ಹಿಡಿಯುವ ವಸ್ತುವಿನ ಗಾತ್ರವೂ ಬಹುಮಟ್ಟಿಗೆ ಅಷ್ಟೇ. ಆಗ ತೂಕವನ್ನು ತಗ್ಗಿಸಲು ಉಳಿಯುವ ಮುಖ್ಯ ದಾರಿ, ವಸ್ತುವಿನ ಸಾಂದ್ರತೆಯನ್ನೇ ತಗ್ಗಿಸುವುದು.

ಅಗ್ಗದ ತಟ್ಟೆಗಳಿಗೆ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್‌ಗಳಂಥ ಪ್ಲಾಸ್ಟಿಕ್ಕುಗಳ ಮಿಶ್ರಣವನ್ನು ಬಳಸುವುದುಂಟು. ಈ ಎರಡೂ ನೀರಿಗಿಂತ ಹಗುರ. ಆದರೆ ಇಂಥ ತಟ್ಟೆ ಮರಕ್ಕೋ ಕಲ್ಲಿಗೋ ಬಡಿದಾಗ ಅಂಚು ಬೇಗನೆ ಜಜ್ಜಿಹೋಗಿ ಹಾರಾಟ ಕೆಡುತ್ತದೆ. ಬಾಳಿಕೆಗೆ ಹೆಸರಾದದ್ದು ರಬ್ಬರಿನಂತೆ ಬಾಗಿಯೂ ಮುರಿಯದ ಪಾಲಿಯುರಿಥೇನ್. ಅದರ ಸಾಂದ್ರತೆಯಾದರೋ ನೀರಿಗಿಂತ ಹೆಚ್ಚು, ಘನ ಸೆಂಟಿಮೀಟರಿಗೆ ಸುಮಾರು 1.2 ಗ್ರಾಂ. ಅಚ್ಚಿನಲ್ಲಿ 145 ಘನ ಸೆಂಟಿಮೀಟರ್ ಹಿಡಿಯುವುದೆಂದು ಭಾವಿಸಿದರೆ ತಟ್ಟೆಯ ತೂಕ 174 ಗ್ರಾಂ ಆಗುತ್ತದೆ. ಅಗಲ ಅಂಚಿನ ಡ್ರೈವರುಗಳಿಗೆ ಹೆಚ್ಚು ಪ್ಲಾಸ್ಟಿಕ್ ಬೇಕಾಗುವುದರಿಂದ ಅವುಗಳನ್ನು ಹಗುರ ಮಾಡುವುದು ಇನ್ನೂ ಕಷ್ಟ.

ಈ ಸಮಸ್ಯೆಗೆ ತಯಾರಕರು ಕಂಡುಕೊಂಡ ಪರಿಹಾರ ನಮ್ಮ ಅಡಿಗೆಮನೆಗೆ ಅಪರಿಚಿತವಲ್ಲ. ಹುದುಗಿದ ಹಿಟ್ಟಿನ ಇಡ್ಲಿ ಮೃದುವಾಗಿ, ಹಗುರವಾಗಿ ಉಬ್ಬುವುದು ಅದರೊಳಗಿನ ಅನಿಲದ ಗುಳ್ಳೆಗಳಿಂದ. ಹಾಗೆಯೇ ಪ್ಲಾಸ್ಟಿಕ್ಕಿನ ಒಡಲಿನಲ್ಲಿ ಅತಿ ಸೂಕ್ಷ್ಮವಾದ ಗುಳ್ಳೆಗಳು ಹರಡುವಂತೆ ಮಾಡಿದರೆ, ಆಕಾರ ಅದೇ ಉಳಿದು ತೂಕ ಮಾತ್ರ ಇಳಿಯುತ್ತದೆ. ಮೇಲಿನ ಲೆಕ್ಕದ ತಟ್ಟೆಯ ಸರಾಸರಿ ಸಾಂದ್ರತೆಯನ್ನು 1.2ರಿಂದ 1ಕ್ಕೆ ಇಳಿಸಿದರೆ ತೂಕ 145 ಗ್ರಾಮಿಗೆ ಬರುತ್ತದೆ. ಅದಕ್ಕಿಂತಲೂ ತಗ್ಗಿದರೆ ತಟ್ಟೆ ನೀರಿನ ಮೇಲೆ ತೇಲುತ್ತದೆ. ಕೆರೆಗೆ ಬಿದ್ದದ್ದು ಮರಳಿ ಸಿಕ್ಕುವ ಲಾಭವೂ ಇದೆ. ಇನ್ನೋವಾ ಸಂಸ್ಥೆಯ ‘ಬ್ಲಿಝರ್ಡ್’, ಸ್ವೀಡನ್ನಿನ ಲ್ಯಾಟಿಟ್ಯೂಡ್ 64 ಸಂಸ್ಥೆಯ ‘ಏರ್’, ಎಂ.ವಿ.ಪಿ. ಸಂಸ್ಥೆಯ ‘ಫಿಷನ್’ ಎಂಬ ಪ್ಲಾಸ್ಟಿಕ್ಕುಗಳು ಈ ತತ್ತ್ವವನ್ನೇ ಅನುಸರಿಸಿದವು.

ಬುಗುರಿಯ ಪಾಠ

ಆದರೆ ಹಗುರವೆಂಬುದು ಬರಿಯ ಲಾಭವಲ್ಲ. ರಭಸದಿಂದ ತಿರುಗುವ ಬುಗುರಿ ನೆಟ್ಟಗೆ ನಿಂತು, ವೇಗ ಕುಂದಿದೊಡನೆ ತೂರಾಡುವುದನ್ನು ಬಾಲ್ಯದಲ್ಲಿ ಕಾಣದವರಿಲ್ಲ. ತಟ್ಟೆಯೂ ತನ್ನ ತಿರುಗುವಿಕೆಯಿಂದಲೇ ಸ್ಥಿರವಾಗಿ ಹಾರುತ್ತದೆ. ಅಂಚಿನಲ್ಲಿ ಭಾರ ಹೆಚ್ಚಿದ್ದಷ್ಟೂ ಈ ಸ್ಥಿರತೆ ಹೆಚ್ಚು. ಹಗುರವಾದ ತಟ್ಟೆಯನ್ನು ಗಾಳಿ ಸುಲಭವಾಗಿ ಓರೆ ಮಾಡುತ್ತದೆ. ಎದುರುಗಾಳಿಯಲ್ಲಂತೂ ಅದು ಮಗುಚಿ ದಾರಿ ತಪ್ಪಬಹುದು. ಬಲಿಷ್ಠ ತೋಳಿನವರು ಭಾರದ ತಟ್ಟೆಯನ್ನು ಮೆಚ್ಚುವುದು ಈ ಕಾರಣದಿಂದ.

ಮಂದಗತಿಯ ತೋಳಿನವರ ವಿಷಯ ಬೇರೆ. ಅವರ ಕೈಯಿಂದ ಹೊರಟ ಭಾರದ ತಟ್ಟೆ ಬೇಗನೆ ವಾಲಿ ಇಳಿಯುತ್ತದೆ. ಅದೇ ಆಕಾರದ 150 ಗ್ರಾಮಿನ ತಟ್ಟೆಯನ್ನು ಗಾಳಿ ಹೆಚ್ಚು ಹೊತ್ತು ಎತ್ತಿ ಹಿಡಿಯಬಲ್ಲದು. ಅದು ನೇರವಾಗಿ, ದೂರ ತೇಲಿಕೊಂಡು ಹೋಗುತ್ತದೆ. ಒಬ್ಬರ ದೋಷವೇ ಇನ್ನೊಬ್ಬರ ಗುಣ!

ಆರೋಗ್ಯದ ದೃಷ್ಟಿಯಿಂದ

ಈ ಆಟದಲ್ಲಿ ಹೆಚ್ಚಾಗಿ ನೋವಿಗೆ ಒಳಗಾಗುವ ಭಾಗಗಳು ಮೊಣಕೈ, ಭುಜ ಮತ್ತು ಬೆನ್ನು. ತಟ್ಟೆಯ ತೂಕ ಇಳಿಸಿದ ಮಾತ್ರಕ್ಕೆ ನೋವು ಬಾರದೆಂದಲ್ಲ; ಆದರೆ ದೂರದ ಆಸೆಯಿಂದ ತೋಳನ್ನು ಹಿಂಸಿಸುವ ಅಗತ್ಯ ಕಡಿಮೆಯಾಗುತ್ತದೆ. ಮೊದಲು ಕೈಕಾಲುಗಳನ್ನು ಸಡಿಲಗೊಳಿಸಬೇಕು. ಹತ್ತಿರದ ಎಸೆತಗಳಿಂದ ಆರಂಭಿಸಬೇಕು. ತೋಳೊಂದನ್ನೇ ನಂಬದೆ ಸೊಂಟವನ್ನು ತಿರುಗಿಸಿ ಎಸೆಯುವುದನ್ನು ಕಲಿಯಬೇಕು. ನೋವು ಉಳಿದುಕೊಂಡರೆ ಆಟವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹಗುರವಾದರೂ ಡ್ರೈವರಿನ ಅಂಚು ಚೂಪು. ಮಕ್ಕಳು ಅದನ್ನು ಹಿಡಿದಾಡುವ ಆಟಿಕೆಯಾಗಿ ಬಳಸಬಾರದು, ಜನರು ಓಡಾಡುವ ಕಡೆ ಎಸೆಯಲೂಬಾರದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಗಾದೆ. ತೋಳಿಗೆ ತಕ್ಕ ತಟ್ಟೆಯನ್ನು ಆರಿಸಿಕೊಂಡವರು ಮೊಮ್ಮಕ್ಕಳ ಜೊತೆಯಲ್ಲಿ ಒಂದೆರಡು ಮೈಲಿ ಸಂತೋಷದಿಂದ ನಡೆದು ಬರಬಹುದು. ಈ ಆಟದ ನಿಜವಾದ ಗೆಲುವು ಆ ನಡಿಗೆಯಲ್ಲಿಯೇ ಇದೆ.