ಗಲ್ಲಾದ ಮೇಲೆ ಕ್ಯಾಮೆರಾ ಇರಲಿ, ಬಟ್ಟೆ ಬದಲಿಸುವ ಕೋಣೆಗೆ ಯಾಕೆ?

ಶಿವಮೊಗ್ಗದ ನೆಹರೂ ರಸ್ತೆ, ಗಾಂಧಿ ಬಜಾರಿನ ಬಟ್ಟೆ ಅಂಗಡಿಗಳಿಂದ ಹಿಡಿದು ಭದ್ರಾವತಿ ದಾರಿಯ ಮಾಚೇನಹಳ್ಳಿಯ ಗಾರ್ಮೆಂಟ್ಸ್‌ವರೆಗೆ, ಕ್ಯಾಮೆರಾ ಇಲ್ಲದ ಕೆಲಸದ ಜಾಗ ಈಗ ಅಪರೂಪ. ಅದರ ಕೆಳಗೆ ದುಡಿಯುವವರ ನಡುವೆ ಓಡಾಡುವ ಕೆಲವು ಮಾತುಗಳನ್ನು ಕಾನೂನಿನ ಒರೆಗೆ ಹಚ್ಚಿ ನೋಡೋಣ.

ತಪ್ಪು ಕಲ್ಪನೆ: ಅಂಗಡಿ ಮಾಲೀಕರದು, ಕ್ಯಾಮೆರಾ ಎಲ್ಲಿ ಬೇಕಾದರೂ ಹಾಕಿಸಬಹುದು.

ವಾಸ್ತವ: ಗಲ್ಲಾ, ಕೌಂಟರ್, ಗೇಟು, ಹೊಲಿಗೆ ಲೈನು, ಇಲ್ಲೆಲ್ಲ ಎದ್ದು ಕಾಣುವಂತೆ ಹಾಕಿದರೆ ತಕರಾರಿಲ್ಲ. ಹೆಚ್ಚು ಜನ ಸೇರುವ ಕಡೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯೇ ಕ್ಯಾಮೆರಾ ಕಡ್ಡಾಯ ಮಾಡಿದೆ. ಶೌಚಾಲಯ, ಬಟ್ಟೆ ಬದಲಿಸುವ ಜಾಗದ ಲೆಕ್ಕವೇ ಬೇರೆ. ಅಲ್ಲಿ ಹೆಣ್ಣುಮಕ್ಕಳನ್ನು ಕದ್ದು ನೋಡುವುದೂ ಚಿತ್ರೀಕರಿಸುವುದೂ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಮೊದಲ ಸಲ ಸಾಬೀತಾದರೆ 1ರಿಂದ 3 ವರ್ಷ ಜೈಲು, ಮತ್ತೆ ಮಾಡಿದರೆ 3ರಿಂದ 7 ವರ್ಷ.

ಇಲ್ಲೊಂದು ತೊಡಕಿದೆ. ಎಷ್ಟೋ ಬಟ್ಟೆ ಅಂಗಡಿಗಳಲ್ಲಿ ಹುಡುಗಿಯರು ಮನೆಯಿಂದ ಉಟ್ಟು ಬಂದದ್ದನ್ನು ಬಿಚ್ಚಿ ಯೂನಿಫಾರ್ಮ್ ಸೀರೆ ಉಡುವುದು ಸ್ಟಾಕ್ ಇಡುವ ರೂಮಿನಲ್ಲಿ, ಸೀರೆ ಬಂಡಲುಗಳ ಸಂದಿಯಲ್ಲಿ. ಅದೇ ರೂಮಿಗೆ ಕಳವಿನ ಭಯಕ್ಕೆ ಕ್ಯಾಮೆರಾ. ಅವರು ಅಲ್ಲೇ ಬಟ್ಟೆ ಬದಲಿಸುತ್ತಾರೆಂದು ಗೊತ್ತಿದ್ದೂ ಅದನ್ನು ಓಡಲು ಬಿಟ್ಟರೆ, ‘ಮಾಲು ಕಾಯೋಕೆ ಹಾಕಿಸಿದ್ದು’ ಎಂಬ ಸಬೂಬು ನನಗಂತೂ ಒಪ್ಪಿಗೆಯಾಗದು. ಪರದೆ ಕಟ್ಟಿದ ಒಂದು ಮೂಲೆ ಕೊಡಲು ಯಾವ ಮಾಲೀಕರಿಗೂ ದುಡ್ಡಿನ ಕೊರತೆಯಿಲ್ಲ.

ತಪ್ಪು ಕಲ್ಪನೆ: ಖಾಸಗಿತನ ಮೂಲಭೂತ ಹಕ್ಕು, ಹಾಗಾಗಿ ನನ್ನನ್ನು ಕೇಳದೆ ಹಾಕಿದ ಕ್ಯಾಮೆರಾ ಎಲ್ಲವೂ ಅಕ್ರಮ.

ವಾಸ್ತವ: ಅಷ್ಟು ಸಲೀಸಲ್ಲ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಆ ಹಕ್ಕನ್ನು ಎತ್ತಿಹಿಡಿಯಿತು, ನಿಜ. ಆದರೆ ಅದು ಮುಖ್ಯವಾಗಿ ಸರ್ಕಾರದ ಎದುರಿನ ಹಕ್ಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಉದ್ಯೋಗದ ಉದ್ದೇಶಕ್ಕೆ, ನಷ್ಟ ತಡೆಯುವುದಕ್ಕೆ ಮಾಲೀಕರಿಗೆ ಒಪ್ಪಿಗೆಯಿಲ್ಲದೆಯೂ ಅವಕಾಶ ಕೊಡುತ್ತದೆ.

ತಪ್ಪು ಕಲ್ಪನೆ: ಗುಪ್ತ ಕ್ಯಾಮೆರಾ ಅಂದರೆ ಪೆನ್ನು, ಗುಂಡಿಯೊಳಗಿನ ದುಬಾರಿ ಯಂತ್ರ.

ವಾಸ್ತವ: 2024ರ ಆಗಸ್ಟಿನಲ್ಲಿ ಬೆಂಗಳೂರಿನ ಕಾಫಿ ಮಳಿಗೆಯೊಂದರ ಮಹಿಳಾ ಶೌಚಾಲಯದ ಕಸದ ಬುಟ್ಟಿಯಲ್ಲಿ ಸಿಕ್ಕಿದ್ದು ಮಾಮೂಲಿ ಮೊಬೈಲ್. ಕರೆ ಬಂದು ಸದ್ದಾಗದಂತೆ ಫ್ಲೈಟ್ ಮೋಡಿಗೆ ಹಾಕಿ, ಕಸದ ಚೀಲದಲ್ಲಿ ಲೆನ್ಸಿನಷ್ಟೇ ತೂತು ಮಾಡಿ ಇಟ್ಟಿದ್ದರು. ಬಂಧಿತನಾದದ್ದು ಅಲ್ಲಿನ ಸಿಬ್ಬಂದಿಯೇ.

ತಪ್ಪು ಕಲ್ಪನೆ: ಸಿಕ್ಕ ಕೂಡಲೇ ವಿಡಿಯೊ ಡಿಲೀಟ್ ಮಾಡಿ, ಇಟ್ಟವನಿಗೆ ನಾಲ್ಕು ಬಿಟ್ಟರೆ ಆಯಿತು.

ವಾಸ್ತವ: ಡಿಲೀಟ್ ಮಾಡಿದರೆ ಸಾಕ್ಷ್ಯ ನಾಶಕ್ಕೆ ನಾವೇ ಕೈ ಹಾಕಿದಂತೆ. ಮುಟ್ಟದೆ, ಇದ್ದ ಜಾಗದಲ್ಲೇ ಫೋಟೊ ತೆಗೆದು, ಬಾಗಿಲಿಗೆ ಒಬ್ಬರನ್ನು ನಿಲ್ಲಿಸಿ 112ಕ್ಕೆ ಕರೆ ಮಾಡಿ.

ತಪ್ಪು ಕಲ್ಪನೆ: ಗಂಡಸರಿಗೆ ಈ ರಕ್ಷಣೆ ಇಲ್ಲ.

ವಾಸ್ತವ: ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಗಂಡು-ಹೆಣ್ಣು ಎಂದು ಭೇದ ಮಾಡುವುದಿಲ್ಲ. ಒಪ್ಪಿಗೆಯಿಲ್ಲದೆ ಯಾರದೇ ಗುಪ್ತಾಂಗಗಳ ಚಿತ್ರ ತೆಗೆದರೂ 3 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ತಪ್ಪು ಕಲ್ಪನೆ: ನಾಲ್ಕೈದು ಜನರ ಅಂಗಡಿ, ಮಾಲೀಕರದೇ ತಪ್ಪಾದರೆ ಯಾರಿಗೆ ಹೇಳೋದು?

ವಾಸ್ತವ: ಪೊಲೀಸ್ ದೂರಿನ ಜೊತೆಗೆ ಇನ್ನೊಂದು ದಾರಿಯಿದೆ. 10 ಮಂದಿಗಿಂತ ಕಡಿಮೆ ಇದ್ದು ಆಂತರಿಕ ಸಮಿತಿ ಇಲ್ಲದ ಕಡೆಯ ಮಹಿಳೆಯರಿಗಾಗಿ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಮಾಡಿದೆ. ಮಾಲೀಕರ ಮೇಲಿನ ದೂರನ್ನು ಕೇಳಬೇಕಾದದ್ದೂ ಅದೇ ಸಮಿತಿ. ಘಟನೆ ನಡೆದ 3 ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಿ. ಬರೆಯಲು ಬಾರದಿದ್ದರೆ ಬರೆದುಕೊಳ್ಳಲು ನೆರವಾಗುವುದೂ ಸಮಿತಿಯದೇ ಹೊಣೆ.