ಊರು ಹೋಯಿತು, ಉಂಡೆ ಉಳಿಯಿತು

ಜರ್ಮನಿಯ ಹಳೆಯ ರೀತಿಯ ಊಟದ ಮನೆಯೊಂದಕ್ಕೆ ಹೋಗಿ ತಿನಿಸುಗಳ ಪಟ್ಟಿ ತೆರೆದರೆ ‘ಕೋನಿಗ್ಸ್‌ಬರ್ಗರ್ ಕ್ಲಾಪ್ಸೆ’ ಎಂಬ ಹೆಸರು ಕಣ್ಣಿಗೆ ಬೀಳುವ ಸಂಭವ ಹೆಚ್ಚು. ಅರ್ಥ ಸರಳ: ಕೋನಿಗ್ಸ್‌ಬರ್ಗಿನ ಕೈಮಾ ಉಂಡೆಗಳು. ಆದರೆ ಊಟ ಮುಗಿಸಿ ಇಂದಿನ ಭೂಪಟದಲ್ಲಿ ಆ ಊರನ್ನು ಹುಡುಕಿದರೆ ಸಿಗುವುದಿಲ್ಲ. ಬರ್ಲಿನ್ನಿನಿಂದ ಪೂರ್ವಕ್ಕೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಪೋಲೆಂಡ್ ಮತ್ತು ಲಿಥುವೇನಿಯಾಗಳ ನಡುವೆ ಸಿಕ್ಕಿಕೊಂಡಂತಿರುವ ರಷ್ಯದ ತುಂಡು ನೆಲದಲ್ಲಿ, ಅದು ಇದ್ದ ಜಾಗದಲ್ಲಿ ಈಗ ಇರುವುದು ಕಲಿನಿನ್‌ಗ್ರಾಡ್. ಭೂಪಟದಿಂದ ಅಳಿಸಿಹೋದ ಹೆಸರೊಂದು ಅಡುಗೆಮನೆಯಲ್ಲಿ ಮಾತ್ರ ಹೇಗೆ ಉಳಿದುಕೊಂಡಿತು ಎಂಬುದು ಕೇವಲ ರುಚಿಯ ಪ್ರಶ್ನೆಯಲ್ಲ.

ಬಾಲ್ಟಿಕ್ ಸಮುದ್ರದ ಸಮೀಪದ ಈ ಊರನ್ನು 1255ರಲ್ಲಿ ಕಟ್ಟಿದವರು ಟ್ಯೂಟಾನಿಕ್ ಎಂಬ ಧರ್ಮಯೋಧರ ಪಂಗಡದವರು. ತಮಗೆ ನೆರವಾದ ಬೊಹೀಮಿಯದ ದೊರೆ ಎರಡನೆಯ ಒಟೊಕಾರನ ಗೌರವಾರ್ಥ ಅದಕ್ಕೆ ‘ದೊರೆಯ ಬೆಟ್ಟ’ ಎಂಬ ಅರ್ಥದ ಹೆಸರಿಟ್ಟರು. ಮುಂದೆ ಅದು ಹಾನ್ಸ ವರ್ತಕರ ಕೂಟ ಸೇರಿ ದೊಡ್ಡ ಬಂದರಾಯಿತು. 1544ರಲ್ಲಿ ವಿಶ್ವವಿದ್ಯಾಲಯವೂ ಬಂತು. ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1724ರಲ್ಲಿ ಹುಟ್ಟಿ 1804ರಲ್ಲಿ ತೀರಿಕೊಂಡದ್ದು ಇಲ್ಲಿಯೇ. ಬದುಕಿನ ಬಹುಪಾಲನ್ನು ಕಳೆದದ್ದೂ ಇಲ್ಲಿಯೇ. ಕಾಂಟ್ ಒಂಟಿಯಾಗಿ ಉಣ್ಣುವುದನ್ನು ಒಪ್ಪುತ್ತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಕೂರುವವರು ಮೂವರಿಗಿಂತ ಕಡಿಮೆ ಇರಬಾರದು, ಒಂಬತ್ತಕ್ಕಿಂತ ಹೆಚ್ಚಿರಬಾರದು ಎಂಬುದು ಅವನ ಲೆಕ್ಕ.

ಬಂದರು ಊರಾಗಿದ್ದುದು ಈ ಅಡುಗೆಯಲ್ಲಿ ಇಂದಿಗೂ ಕಾಣುತ್ತದೆ. ಕ್ಲಾಪ್ಸೆಯ ಸಾರಿನ ಜೀವಾಳ ಕೇಪರ್ ಎಂಬ ಗಿಡದ ಮೊಗ್ಗು. ನಮ್ಮ ಲವಂಗದಂತೆ ಇದೂ ಅರಳದ ಮೊಗ್ಗೇ; ಆದರೆ ಒಣಗಿಸದೆ ಉಪ್ಪಿನಲ್ಲಿಯೋ ವಿನಿಗರಿನಲ್ಲಿಯೋ ಹಾಕಿಡುತ್ತಾರೆ. ಮೆಡಿಟರೇನಿಯನ್ ಬಿಸಿಲಿಗೆ ಬೆಳೆಯುವ ಈ ಗಿಡ ಬಾಲ್ಟಿಕ್ ತೀರದ ಚಳಿಯಲ್ಲಿ ಬಾಳುವಂಥದಲ್ಲ. ನಿಂಬೆಹಣ್ಣೂ ದಕ್ಷಿಣದ್ದೇ, ಉಪ್ಪಿನಲ್ಲಿಟ್ಟ ಆಂಚೊವಿ ಎಂಬ ಸಣ್ಣ ಮೀನೂ ಅಲ್ಲಿಯದೇ. ಕರಿಮೆಣಸು ಇನ್ನೂ ದೂರದ್ದು. ಹಡಗು ಬಾರದಿದ್ದರೆ ಈ ತಿನಿಸೇ ಇಲ್ಲ. ಸ್ಥಳೀಯವಾದದ್ದು ಮಾಂಸ, ಈರುಳ್ಳಿ, ಬೆಣ್ಣೆ, ಕೆನೆ ಮತ್ತು ಹಳಸಲು ಬ್ರೆಡ್ಡು. ಒಂದು ಪ್ರಾಂತದ ‘ಅಪ್ಪಟ’ ಅಡುಗೆ ಎನ್ನಿಸಿಕೊಂಡದ್ದನ್ನು ಬಿಡಿಸಿ ನೋಡಿದರೆ ಅರ್ಧ ಪಾಲು ಪರದೇಶದ್ದೇ ಆಗಿರುವುದು ಜರ್ಮನಿಗೆ ಮಾತ್ರ ಸೀಮಿತವಾದ ಮಾತಲ್ಲ. ಮೆಣಸಿನಕಾಯಿ ಇಲ್ಲದ ನಮ್ಮ ಸಾರನ್ನು ಇಂದು ಯಾರು ಊಹಿಸಿಯಾರು?

ಕೈಮಾ ಉಂಡೆ ಜರ್ಮನಿಯಲ್ಲೆಲ್ಲ ಇದೆ, ಪ್ರಾಂತಕ್ಕೊಂದು ಹೆಸರಿದೆ. ಬರ್ಲಿನ್ನಿನಲ್ಲಿ ಬುಲೆಟ್ಟೆ, ಬವೇರಿಯದಲ್ಲಿ ಫ್ಲೈಶ್‌ಫ್ಲಾಂಟ್ಸರ್ಲ್, ಸ್ವಾಬಿಯದಲ್ಲಿ ಫ್ಲೈಶ್‌ಕ್ಯೂಶ್ಲೆ, ಇತರೆಡೆ ಫ್ರಿಕಡೆಲ್ಲೆ. ಇವೆಲ್ಲ ಬಾಣಲೆಯಲ್ಲಿ ಕೆಂಪಗೆ ಹುರಿದವು. ಕ್ಲಾಪ್ಸೆ ಮಾತ್ರ ಹುರಿಯದೆ ನೀರಿನಲ್ಲಿ ಬೇಯಿಸಿದ್ದು, ಬಿಳಿಚಿಕೊಂಡದ್ದು. ಈ ಲೆಕ್ಕದಲ್ಲಿ ಅದು ಬರ್ಲಿನ್ನಿನ ನೆಂಟನಿಗಿಂತ ಮಂಡ್ಯ, ಮೈಸೂರು ಕಡೆಯ ಕೈಮಾ ಉಂಡೆ ಸಾರಿಗೇ ಹತ್ತಿರ.

ಮಾಡುವ ಬಗೆ ಹೀಗೆ. ಅರ್ಧ ಕಿಲೋ ಕೈಮಾ ಬೇಕು. ಎಳಗರುವಿನದಾದರೆ ಉತ್ತಮ ಎನ್ನುವುದು ಹಳಬರ ಮಾತು, ದನದ ಮತ್ತು ಹಂದಿಯ ಮಾಂಸ ಬೆರೆಸಿದ್ದು ಇಂದಿನ ರೂಢಿ. ಹಿಂದಿನ ದಿನದ ಒಂದು ಬ್ರೆಡ್ ಬನ್ನನ್ನು ಹಾಲಿನಲ್ಲಿ ನೆನೆಸಿ ಹಿಂಡಿ ಸೇರಿಸಬೇಕು. ಬೆಣ್ಣೆಯಲ್ಲಿ ಬಾಡಿಸಿದ ಒಂದು ಈರುಳ್ಳಿ, ಒಂದು ಮೊಟ್ಟೆ, ನುಣ್ಣಗೆ ಹೆಚ್ಚಿದ ಮೂರು ನಾಲ್ಕು ಆಂಚೊವಿ, ಉಪ್ಪು, ಮೆಣಸಿನ ಪುಡಿ. ಬ್ರೆಡ್ಡನ್ನು ಕಂಡು ಇದು ಮಾಂಸ ಉಳಿಸುವ ಬಡತನದ ಉಪಾಯ ಎಂದುಕೊಳ್ಳುವವರುಂಟು. ಆ ಲಾಭವೂ ಇರಬಹುದು, ಆದರೆ ಮುಖ್ಯ ಕಾರಣ ಬೇರೆ. ಬೇಯುವಾಗ ಮಾಂಸದ ಎಳೆಗಳು ಬಿಗಿದುಕೊಂಡು ತಮ್ಮಲ್ಲಿರುವ ನೀರನ್ನು ಹೊರದೂಡುತ್ತವೆ. ನೆನೆದ ಬ್ರೆಡ್ಡಿನ ಗಂಜಿ ಆ ಬಿಗಿತವನ್ನು ತಡೆದು ರಸವನ್ನು ಹಿಡಿದಿಡುತ್ತದೆ. ನಮ್ಮ ಕೈಮಾ ಉಂಡೆಗೆ ಹುರಿಗಡಲೆ ಪುಡಿ ಮಾಡುವ ಕೆಲಸವೂ ಇದೇ. ಆಂಚೊವಿ ಬಿದ್ದರೆ ಮೀನಿನ ವಾಸನೆ ಬಂದೀತೆಂದು ಹೆದರಬೇಕಾಗಿಲ್ಲ. ಅದು ಮಾಂಸದಲ್ಲಿ ಕರಗಿಹೋಗಿ ಅದರ ರುಚಿಯನ್ನೇ ಗಾಢವಾಗಿಸುತ್ತದೆ.

ಒಂದು ಲೀಟರಿನಷ್ಟು ಮಾಂಸದ ಕಟ್ಟಿಗೆ ಈರುಳ್ಳಿ, ಬೇ ಎಲೆ, ಕೆಲವು ಮೆಣಸಿನ ಕಾಳು ಹಾಕಿ ಕುದಿಸಿ, ಉರಿ ತಗ್ಗಿಸಿ, ಸಣ್ಣ ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಬಿಡಬೇಕು. ಕಟ್ಟು ಕೊತಕೊತ ಕುದಿಯಕೂಡದು. ಮೇಲ್ಮೈ ಸುಮ್ಮನೆ ನಡುಗುತ್ತಿದ್ದರೆ ಸಾಕು. ಹದಿನೈದು ನಿಮಿಷದಲ್ಲಿ ಬೇಯುತ್ತವೆ. ಅವನ್ನು ತೆಗೆದಿಟ್ಟು, ಇನ್ನೊಂದು ಪಾತ್ರೆಯಲ್ಲಿ 40 ಗ್ರಾಂ ಬೆಣ್ಣೆಗೆ ಅಷ್ಟೇ ಮೈದಾ ಹಾಕಿ ಬಣ್ಣ ತಿರುಗದಂತೆ ಹುರಿದು, ಅದೇ ಕಟ್ಟನ್ನು ಅರ್ಧ ಲೀಟರಿನಷ್ಟು ಸ್ವಲ್ಪ ಸ್ವಲ್ಪವಾಗಿ ಬೆರೆಸಿದರೆ ಗಂಟಿಲ್ಲದ ಬಿಳಿ ಸಾರು ಸಿದ್ಧ. ಎರಡು ಚಮಚ ಕೇಪರ್, ಅರ್ಧ ನಿಂಬೆಯ ರಸ, ಒಂದಿಷ್ಟು ಕೆನೆ. ಕೊನೆಗೆ ಎರಡು ಮೊಟ್ಟೆಯ ಹಳದಿಯನ್ನು ಸ್ವಲ್ಪ ಬಿಸಿ ಸಾರಿನಲ್ಲಿ ಕದಡಿಕೊಂಡು, ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆ ಸುರಿಯಬೇಕು. ಮತ್ತೆ ಕುದಿಸಿದರೆ ಹಳದಿ ಒಡೆದು ಕಾಳುಕಾಳಾಗುತ್ತದೆ. ಅನುಭವಿಗಳೂ ಎಡವುವುದು ಇಲ್ಲಿಯೇ. ಹುಳಿ, ಉಪ್ಪು, ಕೆನೆಯ ಮೆದುತನ ಮೂರೂ ಸಮನಾಗಿ ನಾಲಗೆಗೆ ತಾಗಿದರೆ ಹದ ಸರಿಯಾಗಿದೆ ಎಂದರ್ಥ.

ಹೀಗೆ ಉಣ್ಣುತ್ತಿದ್ದ ಊರಿನ ಕತೆ 1944ರ ಆಗಸ್ಟಿನಲ್ಲಿ ಮುಗಿಯತೊಡಗಿತು. ಬ್ರಿಟಿಷ್ ವಿಮಾನಗಳು ಎರಡು ರಾತ್ರಿ ಬಾಂಬು ಸುರಿದು ಹಳೆಯ ಪಟ್ಟಣವನ್ನು ಸುಟ್ಟವು. 1945ರ ಏಪ್ರಿಲ್ 9ರಂದು ನಗರ ಸೋವಿಯತ್ ಸೇನೆಯ ವಶವಾಯಿತು. ಅದಕ್ಕೂ ಮೊದಲೇ, ಆ ಚಳಿಗಾಲದಲ್ಲಿ, ಪೂರ್ವ ಪ್ರಷ್ಯದ ಲಕ್ಷಾಂತರ ಮಂದಿ ಗಾಡಿ ಕಟ್ಟಿಕೊಂಡು ಹೆಪ್ಪುಗಟ್ಟಿದ ಹಿನ್ನೀರಿನ ಮೇಲೆ ನಡೆದು ಪಶ್ಚಿಮಕ್ಕೆ ಹೊರಟಿದ್ದರು. 1946ರ ಜುಲೈ 4ರಂದು ಊರಿಗೆ, ಅದೇ ತಾನೆ ತೀರಿಕೊಂಡಿದ್ದ ಸೋವಿಯತ್ ನಾಯಕ ಮಿಖಾಯಿಲ್ ಕಲಿನಿನ್ ಹೆಸರು ಬಂತು. ಉಳಿದಿದ್ದ ಜರ್ಮನರನ್ನು 1947 ಮತ್ತು 1948ರಲ್ಲಿ ರೈಲು ಹತ್ತಿಸಿ ಕಳಿಸಲಾಯಿತು. ಮಧ್ಯ ಮತ್ತು ಪೂರ್ವ ಯೂರೋಪಿನಿಂದ ಹೀಗೆ ಓಡಿಬಂದ, ಓಡಿಸಲ್ಪಟ್ಟ ಜರ್ಮನರ ಸಂಖ್ಯೆ ಸುಮಾರು 1 ಕೋಟಿ 20 ಲಕ್ಷ. ಹೊಲ, ಮನೆ, ಪಿಂಗಾಣಿ ಎಲ್ಲ ಬಿಟ್ಟು ಬಂದವರ ಕೈಯಲ್ಲಿ ಉಳಿದದ್ದು ಅಡುಗೆಯ ಅಭ್ಯಾಸ.

ಈ ಕರುಣಕತೆಯನ್ನು ಅರ್ಧಕ್ಕೇ ನಿಲ್ಲಿಸುವುದು ನ್ಯಾಯವಲ್ಲ. ಯುದ್ಧವನ್ನು ಹೂಡಿದ್ದು ಹಿಟ್ಲರನ ಜರ್ಮನಿ. ಕೋನಿಗ್ಸ್‌ಬರ್ಗಿನ ಯಹೂದಿಗಳ ದೊಡ್ಡ ಪ್ರಾರ್ಥನಾ ಮಂದಿರ 1938ರ ನವೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. 1942ರ ಜೂನಿನಲ್ಲಿ ಅಲ್ಲಿಂದ ನೂರಾರು ಯಹೂದಿಗಳನ್ನು ಮಿನ್ಸ್ಕ್ ಬಳಿಯ ಮಾಲಿ ಟ್ರೊಸ್ಟೆನೆಟ್ಸ್‌ಗೆ ಸಾಗಿಸಿ ಕೊಲ್ಲಲಾಯಿತು. ರಾಜಕೀಯ ಚಿಂತಕಿ ಹಾನ್ನಾ ಅರೆಂಟ್ ಬೆಳೆದದ್ದೂ ಇದೇ ಊರಿನಲ್ಲಿ. ಊರು ಕಳೆದುಕೊಂಡವರ ನೆನಪಿನ ಊಟದಲ್ಲಿ, ಅದೇ ಊರಿನಿಂದ ಮೊದಲೇ ಕಳೆದುಹೋದ ಈ ನೆರೆಯವರಿಗೂ ಒಂದು ತಟ್ಟೆ ಇದ್ದಿತೇ ಎಂಬುದು ಬಹುಕಾಲ ಯಾರೂ ಕೇಳದ ಪ್ರಶ್ನೆ.

ಎರಡು ಹೋಳಾದ ಜರ್ಮನಿಯಲ್ಲಿ ಈ ಹೆಸರಿಗೆ ಎರಡು ಗತಿ ಬಂತು. ಪೂರ್ವ ಜರ್ಮನಿಯ ಸರ್ಕಾರಕ್ಕೆ ಸೋವಿಯತ್ ಮಿತ್ರರ ನಗರವನ್ನು ಹಳೆಯ ಜರ್ಮನ್ ಹೆಸರಿನಿಂದ ಕರೆಯುವುದು ಮುಜುಗರದ ವಿಷಯ. ಅಧಿಕೃತ ಪಟ್ಟಿಗಳಲ್ಲಿ ತಿನಿಸು ‘ಕೋಖ್‌ಕ್ಲಾಪ್ಸೆ’, ಅಂದರೆ ‘ಬೇಯಿಸಿದ ಉಂಡೆ’ ಆಯಿತು. ಊರಿನ ಹೆಸರು ತೆಗೆದರೂ ಕೇಪರ್ ತೆಗೆಯಲಿಲ್ಲ. ಮನೆಗಳಲ್ಲಿ ಜನ ಹಳೆಯ ಹೆಸರನ್ನು ಬಿಡಲೂ ಇಲ್ಲ. ಪಶ್ಚಿಮದಲ್ಲಿ ಹೆಸರಿಗೆ ಅಡ್ಡಿ ಇರಲಿಲ್ಲ; ಆದರೆ ಅಲ್ಲಿ ನೆಲೆ ಸಿಗುವುದು ಸುಲಭವಾಗಿರಲಿಲ್ಲ. 1950ರ ಹೊತ್ತಿಗೆ ಪಶ್ಚಿಮ ಜರ್ಮನಿಯಲ್ಲಿ ಇಂಥ ನಿರಾಶ್ರಿತರು ಸುಮಾರು 80 ಲಕ್ಷ. ಸರ್ಕಾರ ಅವರನ್ನು ಹಳ್ಳಿಗರ ಮನೆಗಳಲ್ಲಿ ಕಡ್ಡಾಯವಾಗಿ ಇರಿಸಿತು. ಒಂದೇ ಒಲೆಯನ್ನು ಇಬ್ಬರು ಗೃಹಿಣಿಯರು ಹಂಚಿಕೊಳ್ಳಬೇಕಾಗಿ ಬಂದ ಮನೆಗಳು ಎಷ್ಟೋ. ಬಂದವರು ಆಲೂಗೆಡ್ಡೆ ತಿನ್ನುವವರು. ನೈಋತ್ಯದ ಸ್ವಾಬಿಯದಲ್ಲಿ ಒಲೆಯ ಒಡತಿ ಶ್ಪೆಟ್ಸ್‌ಲೆ ಮಾಡುವವಳು.

ಶ್ಪೆಟ್ಸ್‌ಲೆ ಎಂದರೆ ಮನೆಯಲ್ಲಿಯೇ ಮಾಡುವ ಮೊಟ್ಟೆ ಶಾವಿಗೆ. ಆ ಪದಕ್ಕೆ ಸ್ವಾಬಿಯದ ಆಡುಮಾತಿನಲ್ಲಿ ‘ಪುಟ್ಟ ಗುಬ್ಬಚ್ಚಿ’ ಎಂಬ ಅರ್ಥ ಹೇಳುತ್ತಾರೆ. ಕನ್ನಡಿಗರಿಗೆ ಸ್ವಾಬಿಯ ತೀರ ಅಪರಿಚಿತ ನಾಡೇನಲ್ಲ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅಲ್ಲಿನ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದವನು.

ಈ ಶಾವಿಗೆಗೆ ಲಟ್ಟಣಿಗೆ ಬೇಡ, ಒಣಗಿಸುವ ಗೋಜಿಲ್ಲ. 400 ಗ್ರಾಂ ಹಿಟ್ಟಿಗೆ ನಾಲ್ಕು ಮೊಟ್ಟೆ, ಒಂದು ಚಮಚ ಉಪ್ಪು, ಒಂದು ಲೋಟದಷ್ಟು ನೀರು. ಮರದ ಸೌಟಿನಿಂದ ಗುಳ್ಳೆ ಏಳುವವರೆಗೂ ಬಡಿಯಬೇಕು. ಈ ಬಡಿತದಲ್ಲಿಯೇ ಹಿಟ್ಟಿಗೆ ಜಿಗುಟು ಬರುವುದು. ಸೌಟೆತ್ತಿದರೆ ಹಿಟ್ಟು ಕಡಿದು ಬೀಳದೆ ಭಾರವಾಗಿ ಎಳೆಯೆಳೆಯಾಗಿ ಇಳಿಯಬೇಕು. ಪಳಗಿದವರು ಒದ್ದೆ ಮಾಡಿದ ಹಲಗೆಯ ಮೇಲೆ ಒಂದಿಷ್ಟು ಹಿಟ್ಟು ಹರಡಿ, ಉದ್ದನೆಯ ಚಾಕುವಿನಿಂದ ಸಣ್ಣ ಸಣ್ಣ ಎಳೆಗಳನ್ನು ಕುದಿಯುವ ಉಪ್ಪುನೀರಿಗೆ ಸರಸರನೆ ತಳ್ಳುತ್ತಾರೆ. ಕೈ ಓಡದವರಿಗೆ ಒತ್ತುವ ಒರಳೂ ಇದೆ, ತೂತಿನ ತಗಡೂ ಇದೆ. ಬೂಂದಿ ಕಾಳು ಬಿಡುವ ಬಗೆಯೇ, ಎಣ್ಣೆಯ ಬದಲು ನೀರು ಅಷ್ಟೆ. ಒಂದೆರಡು ನಿಮಿಷದಲ್ಲಿ ಎಳೆಗಳು ತೇಲುತ್ತವೆ. ತೇಲಿದ ಕೂಡಲೇ ಜಾಲರಿಯಿಂದ ಎತ್ತಿ ಬೆಣ್ಣೆ ಸವರಿಡುವುದು.

ಹಿಂದೆ ಸ್ವಾಬಿಯದ ಬಡ ರೈತರು ಬೆಳೆಯುತ್ತಿದ್ದದ್ದು ಡಿಂಕೆಲ್ ಎಂಬ ಹಳೆಯ ಜಾತಿಯ ಗೋಧಿ. ಸಾರವಿಲ್ಲದ ನೆಲದಲ್ಲೂ ಬರುತ್ತಿದ್ದ ಅದರ ಹಿಟ್ಟಿಗೆ ಅಂಟು ಹೆಚ್ಚು. ಮೊಟ್ಟೆ ದುಬಾರಿಯಾದ ದಿನಗಳಲ್ಲಿ ನೀರಿನಲ್ಲೇ ಕಲಸಿದರೂ ನಡೆಯುತ್ತಿತ್ತು. 2012ರಲ್ಲಿ ಯೂರೋಪಿಯನ್ ಒಕ್ಕೂಟ ಸ್ವಾಬಿಯದ ಶ್ಪೆಟ್ಸ್‌ಲೆಗೆ ಭೌಗೋಳಿಕ ಗುರುತಿನ ರಕ್ಷಣೆ ಕೊಟ್ಟಿತು. ಮಾಂಸ ಒಲ್ಲದ ಓದುಗರು ಇಷ್ಟನ್ನೇ ಮಾಡಿಕೊಳ್ಳಬಹುದು: ಬಿಸಿ ಶ್ಪೆಟ್ಸ್‌ಲೆಗೆ ತುರಿದ ಚೀಸು, ಮೇಲೆ ಕೆಂಪಗೆ ಹುರಿದ ಈರುಳ್ಳಿ. ಬೇಳೆಯೊಂದಿಗೂ ಸ್ವಾಬಿಯದವರು ಇದನ್ನು ಉಣ್ಣುತ್ತಾರೆ.

ಕ್ಲಾಪ್ಸೆಗೆ ಉಪ್ಪು ಹಾಕಿ ಬೇಯಿಸಿದ ಆಲೂಗೆಡ್ಡೆಯೇ ಸರಿಯಾದ ಜೊತೆ ಎಂದು ಹಟ ಹಿಡಿಯುವವರು ಇಂದಿಗೂ ಇದ್ದಾರೆ. ಮೊಟ್ಟೆ ಶಾವಿಗೆಯ ಪಕ್ಷದವರ ವಾದವೂ ಗಟ್ಟಿಯೇ: ಚಾಕುವಿನಿಂದ ಬಿದ್ದ ಎಳೆಯ ಮೈ ಒರಟು, ಅಂಚು ಅಂಕುಡೊಂಕು, ಆ ಬಿಳಿ ಸಾರನ್ನು ಅದು ಹಿಡಿದಿಟ್ಟುಕೊಳ್ಳುವಂತೆ ನುಣುಪಾದ ಆಲೂಗೆಡ್ಡೆ ಹಿಡಿಯಲಾರದು. ನಾಲಗೆಯ ಮಟ್ಟಿಗೆ ಎರಡನೆಯ ಪಕ್ಷವೇ ಗೆಲ್ಲುತ್ತದೆ ಎನ್ನಬೇಕು. ಪ್ರಷ್ಯದ ಉಂಡೆ, ಸ್ವಾಬಿಯದ ಶಾವಿಗೆ ಒಂದೇ ತಟ್ಟೆಯಲ್ಲಿ ಕೂಡುವುದು ಹಳೆಯ ಪಂಕ್ತಿಭೇದದ ದೃಷ್ಟಿಯಿಂದ ಅಪಚಾರ. ಆದರೆ ಒಲೆ ಹಂಚಿಕೊಂಡವರ ಮಕ್ಕಳು ಪರಸ್ಪರ ಮದುವೆಯಾದ ನಾಡಿನಲ್ಲಿ ಅದನ್ನು ತಪ್ಪೆನ್ನುವ ಧೈರ್ಯ ಯಾರಿಗಿದೆ?

ಇತ್ತ ಕಲಿನಿನ್‌ಗ್ರಾಡ್ ದಶಕಗಳ ಕಾಲ ನೌಕಾನೆಲೆಯಾಗಿ ವಿದೇಶಿಯರಿಗೆ ಮುಚ್ಚಿತ್ತು. 1991ರಲ್ಲಿ ಬಾಗಿಲು ತೆರೆದಾಗ ಮೊದಲು ಬಂದವರಲ್ಲಿ ತಮ್ಮ ಹುಟ್ಟಿದ ಬೀದಿ ಹುಡುಕುವ ಮುದಿ ಜರ್ಮನರು ಅನೇಕರು. ಬೀದಿಗಳು ಹೆಚ್ಚಾಗಿ ಸಿಗಲಿಲ್ಲ. ಕಾಂಟನ ಸಮಾಧಿ ಇತ್ತು, ಪಕ್ಕದ ಹಾಳು ಚರ್ಚನ್ನು ಮುಂದೆ ದುರಸ್ತಿ ಮಾಡಿದರು. 1938ರಲ್ಲಿ ಸುಟ್ಟ ಯಹೂದಿ ಮಂದಿರವನ್ನೂ ಹಳೆಯ ಜಾಗದಲ್ಲೇ ಮರಳಿ ಕಟ್ಟಿ 2018ರಲ್ಲಿ ತೆರೆಯಲಾಯಿತು. ಯುದ್ಧಾನಂತರ ರಷ್ಯದ ಬೇರೆಬೇರೆ ಮೂಲೆಗಳಿಂದ ಇಲ್ಲಿಗೆ ತಂದು ನೆಲೆಗೊಳಿಸಿದವರ ಮೊಮ್ಮಕ್ಕಳು ಈಗ ಈ ಊರಿನವರು. ಇಲ್ಲಿನ ಹೋಟೆಲುಗಳ ಪಟ್ಟಿಯಲ್ಲಿ, ರಷ್ಯನ್ ಅಕ್ಷರಗಳಲ್ಲಿ, ‘ಕೋನಿಗ್ಸ್‌ಬರ್ಗಿನ ಕ್ಲಾಪ್ಸ್’ ಎಂಬ ಸ್ಥಳೀಯ ವಿಶೇಷ ಸಿಗುತ್ತದೆ. ಕೇಪರ್ ಹಾಕಿದ ಬಿಳಿ ಸಾರಿನಲ್ಲಿಯೇ ಬಡಿಸುತ್ತಾರೆ.